ಮುಂದಿನ ರಿವ್ಯೂನಲ್ಲಿ ನೀವೇ ಮಾತಾಡಬೇಕು ಅಂದಾಗ

"ಮುಂದಿನ ತಿಂಗಳ ರಿವ್ಯೂ ನೀನೇ ಪ್ರೆಸೆಂಟ್ ಮಾಡು" ಅಂತ ಮ್ಯಾನೇಜರ್ ಹೇಳಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಪವರ್‌ಪಾಯಿಂಟ್ ತೆರೆಯುವುದು. ಆಮೇಲೆ ಯಾರದೋ ಹಳೆಯ ಫೈಲ್ ತಂದು ಅದರ ಬಣ್ಣ ಬದಲಿಸುವುದು. ಹಿಂದಿನ ರಾತ್ರಿ ಹನ್ನೊಂದರವರೆಗೂ ಅಕ್ಷರ ದೊಡ್ಡದು ಮಾಡುತ್ತಾ, ಚಿಕ್ಕದು ಮಾಡುತ್ತಾ ಕೂರುವುದು. ಇಷ್ಟೆಲ್ಲಾ ಆದರೂ ಬಾಯಿ ಮಾತ್ರ ಒಂದು ಸಲವೂ ತೆರೆದಿರುವುದಿಲ್ಲ. ಬೆಳಗ್ಗೆ ಜಿಎಂ (ಜನರಲ್ ಮ್ಯಾನೇಜರ್) ಎದುರು ನಿಂತಾಗಲೇ ಆ ವಾಕ್ಯಗಳು ಮೊದಲ ಸಲ ಗಂಟಲಿನಿಂದ ಹೊರಗೆ ಬರುವುದು. ನಡುಗದೆ ಇನ್ನೇನಾಗುತ್ತದೆ ಹೇಳಿ?

ನಾನು ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹೊಸ ಹುಡುಗ ಹುಡುಗಿಯರನ್ನು ತಿಂಗಳ ರಿವ್ಯೂಗೆ, ಕಸ್ಟಮರ್ ಆಡಿಟ್‌ಗೆ, ಕ್ವಾಲಿಟಿ ಸರ್ಕಲ್ (ಕೆಲಸಗಾರರೇ ತಂಡ ಕಟ್ಟಿ ಸಮಸ್ಯೆ ಬಿಡಿಸುವ ಪದ್ಧತಿ) ಸ್ಪರ್ಧೆಗೆ ತಯಾರು ಮಾಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಹಾಸನ, ಗದಗ, ತುಮಕೂರು ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದವರೇ ಜಾಸ್ತಿ. ಎಲ್ಲರದ್ದೂ ಒಂದೇ ಮಾತು: "ಮೇಡಂ, ವಿಷಯ ಎಲ್ಲಾ ಗೊತ್ತು. ಇಂಗ್ಲಿಷ್ ಬರಲ್ಲ, ಅದಕ್ಕೇ ಭಯ."

ಇದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರೂ ಅದೇ ಜಾಗದಲ್ಲಿ ನಿಂತು ಅದೇ ಥರ ತಡವರಿಸುತ್ತಾರೆ. ಇಬ್ಬರಿಗೂ ಕೊರತೆ ಒಂದೇ. ಎದುರಿನವರ ಹತ್ತಿರ ತಾವು ಏನು ಕೇಳಿಕೊಳ್ಳಲು ನಿಂತಿದ್ದೇವೆ ಅನ್ನುವುದು ಅವರಿಗೇ ಸ್ಪಷ್ಟ ಇರುವುದಿಲ್ಲ. ಅದನ್ನು ಜೋರಾಗಿ ಹೇಳಿ ನೋಡಿರುವುದಿಲ್ಲ. ಇವೆರಡು ಸರಿಹೋದರೆ ಧೈರ್ಯ ಮುಕ್ಕಾಲು ಪಾಲು ತಾನಾಗಿ ಬರುತ್ತದೆ.

ಲ್ಯಾಪ್‌ಟಾಪ್ ಮುಚ್ಚಿ, ಒಂದು ವಾಕ್ಯ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಮೀಟಿಂಗ್ ಮುಗಿದ ಮೇಲೆ ಆ ರೂಮಿನಲ್ಲಿರುವವರಲ್ಲಿ ಯಾರು ಏನು ಮಾಡಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಈ ವಾಕ್ಯ ಬರೆಯಲು ಆಗದಿದ್ದರೆ ಪ್ರೆಸೆಂಟೇಶನ್ ಇನ್ನೂ ತಯಾರಾಗಿಲ್ಲ ಅಂತಲೇ ಅರ್ಥ, ಸ್ಲೈಡ್ ಎಷ್ಟೇ ಚೆನ್ನಾಗಿರಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡನೇ ಲೈನಿನಲ್ಲಿ ಒಂದು ಹೌಸಿಂಗ್‌ನ (ಹೊರಕವಚದಂಥ ಬಿಡಿಭಾಗ) ಬೋರ್, ಅಂದರೆ ಒಳಗಿನ ರಂಧ್ರ, ಚಿಕ್ಕದಾಗಿ ಬರುತ್ತಿದೆ. ರೀವರ್ಕ್, ಅಂದರೆ ಮಾಡಿದ ಪೀಸನ್ನೇ ಮತ್ತೆ ಸರಿಮಾಡುವ ಕೆಲಸ, ಏರಿದೆ. ನಿಮ್ಮ ತಂಡ ಕೂತು ಹುಡುಕಿದಾಗ ಗೊತ್ತಾಗಿದ್ದು ಇಷ್ಟು: ಸೆಕೆಂಡ್ ಶಿಫ್ಟ್‌ನಲ್ಲಿ ಇನ್ಸರ್ಟ್ (ಲೋಹ ಕೊರೆಯುವ ಟೂಲ್‌ನ ತುದಿಗೆ ಹಾಕುವ ಅಲಗು) ಬದಲಿಸುವುದು ತಡವಾಗುತ್ತಿದೆ. ಇನ್ಸರ್ಟ್ ಸವೆದಷ್ಟೂ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ. ಇಂತಿಷ್ಟು ಪೀಸ್ ಆದ ಮೇಲೆ ಮಷಿನ್ ತಾನೇ ನಿಲ್ಲುವ ಹಾಗೆ ಟೂಲ್ ಲೈಫ್ ಕೌಂಟರ್ ಹಾಕಿದರೆ ಸಮಸ್ಯೆ ಮುಗಿಯಿತು. ಅದಕ್ಕೆ ಮೂರು ಮಷಿನ್ ತಲಾ ಎರಡು ಗಂಟೆ ನಿಲ್ಲಬೇಕು.

ಹಾಗಾದರೆ ನಿಮ್ಮ ವಾಕ್ಯ ಇದು: "ಪ್ರೊಡಕ್ಷನ್ ಹೆಡ್ ಈ ಶನಿವಾರ ಮೂರು ಮಷಿನ್ ತಲಾ ಎರಡು ಗಂಟೆ ಬಿಟ್ಟುಕೊಡಬೇಕು."

ಈಗ ನೋಡಿ, ಸಾಮಾನ್ಯವಾಗಿ ಏನಾಗುತ್ತದೆ ಅಂತ. "ಗುಡ್ ಮಾರ್ನಿಂಗ್ ಆಲ್, ಮೈಸೆಲ್ಫ್ ಇಂಥವರು, ಟುಡೇ ಐ ಆಮ್ ಗೋಯಿಂಗ್ ಟು ಪ್ರೆಸೆಂಟ್..." ಆಮೇಲೆ ಅಜೆಂಡಾ. ಆಮೇಲೆ ಪಾರ್ಟಿನ ಫೋಟೋ, ದಿನಾ ಅದೇ ಪಾರ್ಟ್ ನೋಡುವವರಿಗೇ. ಆಮೇಲೆ ಫಿಶ್‌ಬೋನ್ (ಕಾರಣಗಳನ್ನು ಮೀನಿನ ಮುಳ್ಳಿನ ಹಾಗೆ ಬರೆಯುವ ಚಿತ್ರ), ಅದರ ಪ್ರತಿ ಮುಳ್ಳಿನ ವಿವರಣೆ. ಶನಿವಾರದ ಎರಡು ಗಂಟೆಯ ಮಾತು ಹತ್ತೊಂಬತ್ತನೇ ಸ್ಲೈಡಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಪ್ರೊಡಕ್ಷನ್ ಹೆಡ್ ಫೋನ್ ಬಂತು ಅಂತ ಎದ್ದು ಹೋಗಿರುತ್ತಾರೆ.

ಬದಲಿಗೆ ಹೀಗೆ ಶುರು ಮಾಡಿ: "ಸರ್, ಎರಡನೇ ಲೈನಿನ ಹೌಸಿಂಗ್ ರೀವರ್ಕ್ ಈ ತಿಂಗಳು ಏರಿದೆ. ಕಾರಣ ಸಿಕ್ಕಿದೆ. ಸರಿಮಾಡಲು ಶನಿವಾರ ಮೂರು ಮಷಿನ್ ತಲಾ ಎರಡು ಗಂಟೆ ಬೇಕು. ಯಾಕೆ ಅಂತ ಐದು ನಿಮಿಷದಲ್ಲಿ ತೋರಿಸ್ತೀನಿ." ಇಷ್ಟು ಹೇಳಲು ಅರ್ಧ ನಿಮಿಷವೂ ಬೇಡ. ಕೇಳುವವರಿಗೆ ತಾವು ಯಾಕೆ ಕೂತಿದ್ದೇವೆ ಅಂತ ಗೊತ್ತಾಯಿತು. ನಿಮಗೆ ಮುಖ್ಯವಾದದ್ದು ಹೇಳಿ ಮುಗಿಸಿದ ನಿರಾಳ ಬಂತು. ಮಧ್ಯದಲ್ಲಿ ಏನಾದರೂ ಮರೆತರೂ ಇನ್ನು ನಷ್ಟ ಇಲ್ಲ.

ಮುಖ್ಯವಾದ ಮಾತು ಕೆಳಗೆ ಹೂತುಹೋದರೆ ಏನಾಗಬಹುದು ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯದು. 2003ರ ಜನವರಿ 16ರಂದು ನೌಕೆ ಹಾರುವಾಗ ದೊಡ್ಡ ಇಂಧನ ಟ್ಯಾಂಕಿನಿಂದ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಇಂಜಿನಿಯರ್‌ಗಳು ನಾಸಾದ ಅಧಿಕಾರಿಗಳಿಗೆ ಪವರ್‌ಪಾಯಿಂಟ್‌ನಲ್ಲಿ ವರದಿ ಕೊಟ್ಟರು. ಅದರಲ್ಲೊಂದು ಸ್ಲೈಡಿನ ಶೀರ್ಷಿಕೆ ಓದಿದರೆ, ಪರೀಕ್ಷೆಗಳ ಪ್ರಕಾರ ನಮ್ಮ ಲೆಕ್ಕ ಸುರಕ್ಷಿತ ಬದಿಯಲ್ಲೇ ಇದೆ ಅನ್ನುವ ಭಾವನೆ ಬರುತ್ತದೆ. ಅದೇ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು. ಅಂದರೆ ಪರೀಕ್ಷೆ ಮಾಡಿದ್ದಕ್ಕಿಂತ 640 ಪಟ್ಟು ದೊಡ್ಡ ತುಂಡು! ಫೆಬ್ರುವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದುಹೋಯಿತು. ಕರ್ನಾಲ್‌ನ ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರು. ಒಂದು ಸ್ಲೈಡಿನಿಂದಲೇ ಹೀಗಾಯಿತು ಅಂತ ಯಾರೂ ಹೇಳುವುದಿಲ್ಲ, ಕಾರಣ ಹಲವು ಇದ್ದವು. ಆದರೆ ಆ ವರ್ಷದ ತನಿಖಾ ವರದಿ ಈ ಸ್ಲೈಡನ್ನು ಹೆಸರಿಟ್ಟೇ ಟೀಕಿಸಿತು. ಮಾಹಿತಿ ಇತ್ತು, ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಇದರಿಂದ ನಮ್ಮ ಕೆಲಸಕ್ಕೆ ಬರುವ ಪಾಠ ಸರಳ. ಸ್ಲೈಡಿನ ಶೀರ್ಷಿಕೆಯಲ್ಲೇ ನೀವು ಕಂಡುಕೊಂಡಿದ್ದನ್ನು ಬರೆಯಿರಿ. "ರೀವರ್ಕ್ ಡೇಟಾ" ಅಂತ ಬೇಡ. "ರೀವರ್ಕ್ ಏರಿರುವುದು ಸೆಕೆಂಡ್ ಶಿಫ್ಟ್‌ನಲ್ಲಿ ಮಾತ್ರ" ಅಂತಿರಲಿ. ಗ್ರಾಫ್‌ನಲ್ಲಿ ಆ ಒಂದು ಕಂಬಕ್ಕೆ ಮಾತ್ರ ಕೆಂಪು ಬಣ್ಣ ಕೊಡಿ, ಮಿಕ್ಕಿದ್ದೆಲ್ಲಾ ಬೂದಿ ಬಣ್ಣ. ಎಕ್ಸೆಲ್ ಟೇಬಲ್ ಇಡಿಯಾಗಿ ತಂದು ಅಂಟಿಸಬೇಡಿ. ಹತ್ತು ನಿಮಿಷಕ್ಕೆ ಐದಾರು ಸ್ಲೈಡ್ ಧಾರಾಳ. ಉಳಿದ ಫಿಶ್‌ಬೋನ್, ಪ್ಯಾರೆಟೊ (ದೊಡ್ಡ ಕಾರಣದಿಂದ ಚಿಕ್ಕದರವರೆಗೆ ಸಾಲಾಗಿಟ್ಟ ಗ್ರಾಫ್), ಅಳತೆ ಪಟ್ಟಿ ಎಲ್ಲವನ್ನೂ ಕೊನೆಯ ಸ್ಲೈಡಿನ ಹಿಂದೆ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ತೋರಿಸಲು.

ಭಾಷೆಯ ವಿಚಾರ

ಮಾತಿನ ಕ್ರಮವನ್ನು ಕನ್ನಡದಲ್ಲಿ ಕಟ್ಟಿ. ಮೊದಲು ಇದು, ಆಮೇಲೆ ಇದು, ಅದಕ್ಕೆ ಇದು ಅಂತ. ಮನೆಯಲ್ಲಿ ಅಕ್ಕನಿಗೋ ಮಾವನಿಗೋ ಹೇಳುವ ಹಾಗೆ ಒಮ್ಮೆ ಹೇಳಿ ನೋಡಿ. ಕ್ರಮ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ಯಾಕೆಂದರೆ ಅವರು "ತಡಿ, ಇನ್ಸರ್ಟ್ ಅಂದ್ರೇನು?" ಅಂತ ಕೇಳುತ್ತಾರೆ. ಇಂಗ್ಲಿಷ್‌ನಲ್ಲೇ ಯೋಚಿಸಲು ಹೊರಟರೆ ವ್ಯಾಕರಣದ ಚಿಂತೆಯಲ್ಲಿ ವಿಷಯದ ಎಳೆಯೇ ಕೈ ಬಿಡುತ್ತದೆ.

ಆಮೇಲೆ ಇಂಗ್ಲಿಷ್‌ಗೆ ಬನ್ನಿ. ಮೊದಲ ಮೂರು ವಾಕ್ಯ, ಕೊನೆಯ ಎರಡು ವಾಕ್ಯ, ಇಷ್ಟನ್ನು ಮಾತ್ರ ಬಾಯಿಪಾಠ ಮಾಡಿ. ಪೂರ್ತಿ ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಸಾಕು, ಸೀಲಿಂಗ್ ನೋಡುತ್ತಾ ನಿಂತುಬಿಡುತ್ತಾರೆ. ವಾಕ್ಯ ಚಿಕ್ಕದಿರಲಿ. "ರೀವರ್ಕ್ ಹ್ಯಾಸ್ ಗಾನ್ ಅಪ್. ವಿ ಫೌಂಡ್ ದ ರೀಸನ್. ವಿ ನೀಡ್ ಸಿಕ್ಸ್ ಮಷಿನ್ ಅವರ್ಸ್." ಇದರಲ್ಲಿ ಯಾವ ಪದ ಕಷ್ಟ ಇದೆ? ಇದಕ್ಕಿಂತ ದೊಡ್ಡ ಇಂಗ್ಲಿಷ್ ಯಾವ ಜಿಎಂಗೂ ಬೇಕಿಲ್ಲ.

ನಾಲಿಗೆ ತಿರುಗದ ಪದ ಇದ್ದರೆ ಬದಲಿಸಿ, ಅದನ್ನೇ ಹಿಡಿದುಕೊಂಡು ಹೋರಾಡಬೇಡಿ. ಅಂಕಿಗಳನ್ನು ಶಾಪ್ ಫ್ಲೋರ್‌ನಲ್ಲಿ ಹೇಳುವ ಹಾಗೇ ಹೇಳಿ. 0.018 ಮಿಲಿಮೀಟರ್ ಅಂತ ಓದಲು ಹೋಗಿ ಸೊನ್ನೆಗಳ ಮಧ್ಯೆ ಸಿಕ್ಕಿಕೊಳ್ಳುವುದಕ್ಕಿಂತ "18 ಮೈಕ್ರಾನ್" ಅಂದರೆ ಮುಗಿಯಿತು.

ಮಧ್ಯೆ ಮಧ್ಯೆ ಕನ್ನಡ ಬಂದರೆ ಬರಲಿ. ರೂಮಿನಲ್ಲಿ ಎಲ್ಲರಿಗೂ ಕನ್ನಡ ಬರುವುದಾದರೆ ಪೂರ್ತಿ ಕನ್ನಡದಲ್ಲೇ ಮಾಡಬಹುದಾ ಅಂತ ಮ್ಯಾನೇಜರ್‌ನ ಮೊದಲೇ ಕೇಳಿ. ಕೇಳಿದರೆ ಎಷ್ಟೋ ಕಡೆ ಒಪ್ಪುತ್ತಾರೆ, ಯಾರೂ ಕೇಳುವುದೇ ಇಲ್ಲ ಅಷ್ಟೇ. ಭಾರತದಲ್ಲಿ ಕ್ವಾಲಿಟಿ ಸರ್ಕಲ್ ಶುರುವಾಗಿದ್ದು 1980ರ ಹೊತ್ತಿಗೆ, ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ. ಮಷಿನ್ ನಡೆಸುವವರೇ ಸಮಸ್ಯೆ ಹುಡುಕಿ, ಅವರೇ ಎದ್ದು ನಿಂತು ಹೇಳಬೇಕು ಅನ್ನುವುದೇ ಅದರ ತಿರುಳು. ನಮ್ಮ ಆಪರೇಟರ್‌ಗಳು ಕನ್ನಡದಲ್ಲಿ ತಮ್ಮ ಮಷಿನ್ ಬಗ್ಗೆ ಹೇಳುವುದನ್ನು ಕೇಳಿದರೆ, ನಮ್ಮ ಇಂಜಿನಿಯರ್‌ಗಳ ಇಂಗ್ಲಿಷ್ ಪ್ರೆಸೆಂಟೇಶನ್ ಸಪ್ಪೆ ಅನ್ನಿಸುತ್ತದೆ. ಅವರು ಕೈಯಾರೆ ಮಾಡಿದ್ದನ್ನು ಹೇಳುತ್ತಾರೆ, ಇವರು ಸ್ಲೈಡ್ ಓದುತ್ತಾರೆ.

ಬಾಯಿ ಬಿಟ್ಟು ಹೇಳಿ

ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸ ಅಲ್ಲ. ಎದ್ದು ನಿಂತು, ಮೀಟಿಂಗ್‌ನಲ್ಲಿ ಮಾತಾಡುವಷ್ಟೇ ಜೋರಾಗಿ ಹೇಳಬೇಕು. ಪಿಜಿಯಲ್ಲಿ ರೂಮ್‌ಮೇಟ್ ನಗುತ್ತಾನೆ ಅಂದರೆ ಟೆರೇಸಿಗೆ ಹೋಗಿ. ಮೊದಲ ಸಲ ಕೆಟ್ಟದಾಗೇ ಬರುತ್ತದೆ. ಅದು ಟೆರೇಸಿನಲ್ಲೇ ಬಂದು ಹೋಗಲಿ.

ಎರಡನೇ ಸಲಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡಿ. ವಿಡಿಯೋ ಬೇಡ, ದನಿ ಸಾಕು. ವಿಡಿಯೋ ಮಾಡಿದರೆ ನಮ್ಮ ಕೂದಲು, ಹೊಟ್ಟೆ ನೋಡಿಕೊಳ್ಳುತ್ತಾ ವಿಷಯ ಬಿಟ್ಟುಬಿಡುತ್ತೇವೆ. ಆ ರೆಕಾರ್ಡಿಂಗನ್ನು ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿಯಿಂದ ಯಶವಂತಪುರಕ್ಕೆ ಹೋಗುವಾಗ ಇಯರ್‌ಫೋನ್ ಹಾಕಿ ಕೇಳಿ. ತಮ್ಮ ದನಿ ತಮಗೇ ವಿಚಿತ್ರ ಅನ್ನಿಸುವುದು ಎಲ್ಲರಿಗೂ ಆಗುವುದೇ, ತಲೆ ಕೆಡಿಸಿಕೊಳ್ಳಬೇಡಿ. ಎಲ್ಲಿ ಓಡಿದ್ದೀರಿ, ಎಲ್ಲಿ ವಾಕ್ಯ ಮುಗಿಸದೆ ಮುಂದಕ್ಕೆ ಹಾರಿದ್ದೀರಿ, ಅದನ್ನು ಗಮನಿಸಿ. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ 120ರಿಂದ 150 ಪದ ಕೇಳಲು ಹಿತವಾದ ವೇಗ. ಗಾಬರಿಯಲ್ಲಿ ಇದು ತಾನಾಗಿ ಏರುತ್ತದೆ, ಹಾಗಾಗಿ ಅಭ್ಯಾಸದಲ್ಲಿ ಸ್ವಲ್ಪ ನಿಧಾನವೇ ಇರಲಿ.

"ಆಕ್ಚುಲಿ", "ಬೇಸಿಕಲಿ", "ಸೋ", "ಅದೇನಂದ್ರೆ" ಎಷ್ಟು ಸಲ ಬಂತು ಅಂತ ಎಣಿಸಿ. ಇದನ್ನು ಬಿಡಲು ನನಗೆ ಗೊತ್ತಿರುವ ಒಂದೇ ದಾರಿ, ವಾಕ್ಯ ಮುಗಿದ ಕೂಡಲೇ ತುಟಿ ಮುಚ್ಚುವುದು. ನಿಮಗೆ ಆ ಎರಡು ಸೆಕೆಂಡಿನ ಮೌನ ಒಂದು ಯುಗದ ಹಾಗೆ ಅನ್ನಿಸುತ್ತದೆ. ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಮೂರನೇ ಸಲ ಒಬ್ಬ ಮನುಷ್ಯರ ಮುಂದೆ. ನಿಮ್ಮ ವಿಭಾಗದವರು ಬೇಡ, ಅವರಿಗೆ ಎಲ್ಲಾ ಮೊದಲೇ ಗೊತ್ತು. ಸ್ಟೋರ್ಸ್‌ನವರನ್ನೋ ಅಕೌಂಟ್ಸ್‌ನವರನ್ನೋ ಟೀ ಹೊತ್ತಿನಲ್ಲಿ ಹಿಡಿಯಿರಿ. ಮುಗಿದ ಮೇಲೆ "ನಾನು ಏನು ಕೇಳಿದೆ?" ಅಂತ ಕೇಳಿ. ಅವರು "ಶನಿವಾರ ಮಷಿನ್ ಬೇಕು ಅಂದ್ರಿ" ಅಂದರೆ ಪಾಸ್. "ಏನೋ ರೀವರ್ಕ್ ಬಗ್ಗೆ..." ಅಂದರೆ ಮತ್ತೆ ಮೊದಲಿನಿಂದ.

ಹತ್ತು ನಿಮಿಷ ಕೊಟ್ಟಿದ್ದರೆ ಏಳು ನಿಮಿಷಕ್ಕೆ ತಯಾರಾಗಿ. ಹಿಂದಿನವರು ತಡ ಮಾಡಿರುತ್ತಾರೆ, ಪ್ರೊಜೆಕ್ಟರ್ ಕೈ ಕೊಡುತ್ತದೆ. "ಸ್ವಲ್ಪ ಬೇಗ ಮುಗಿಸಿ" ಅಂತ ಕೊನೆಗೆ ಬಂದೇ ಬರುತ್ತದೆ.

ಅಭ್ಯಾಸಕ್ಕೆ ಕಾಯಂ ಜಾಗ ಬೇಕು ಅಂದರೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಒಳ್ಳೆಯದು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಕೂಟ ಇದು, ಬೆಂಗಳೂರಿನಲ್ಲಿ ಕಂಪನಿಗಳ ಒಳಗೂ ಹೊರಗೂ ಬೇಕಾದಷ್ಟು ಕ್ಲಬ್‌ಗಳಿವೆ. ಮೊದಲ ಭಾಷಣ ನಾಲ್ಕರಿಂದ ಆರು ನಿಮಿಷ, ನಿಮ್ಮ ಬಗ್ಗೆಯೇ. ಸಮಯ ನೋಡುವವರು ಹಸಿರು, ಹಳದಿ, ಕೆಂಪು ಬಣ್ಣ ತೋರಿಸುತ್ತಾರೆ. ನಿಮ್ಮ "ಆ", "ಊಂ" ಎಣಿಸುವುದಕ್ಕೇ ಒಬ್ಬರಿರುತ್ತಾರೆ. ಅಲ್ಲಿ ಚಪ್ಪಾಳೆ ಸ್ವಲ್ಪ ಜಾಸ್ತಿ, ಆಫೀಸಿನಲ್ಲಿ ಅಷ್ಟು ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ಎದೆ ಡವಡವ ಅಂದಾಗ

ಅದು ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಲೂಬೇಡಿ. ಅಡ್ರಿನಲಿನ್ ಏರಿದಾಗ ಎದೆ ಬಡಿತ ಜೋರಾಗುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ವರ್ಷಗಟ್ಟಲೆ ಮಾತಾಡಿದವರಿಗೂ ಆಗುತ್ತದೆ. ಆದರೆ ಒಳಗೆ ಆಗುತ್ತಿರುವಷ್ಟು ಹೊರಗೆ ಕಾಣುವುದಿಲ್ಲ. 2003ರಲ್ಲಿ ಸವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಮಾತಾಡಿದವರು ತಮ್ಮ ಗಾಬರಿ ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡಿದ್ದರು, ನೋಡಿದವರಿಗೆ ಅಷ್ಟು ಕಂಡಿರಲಿಲ್ಲ. ಇನ್ನೂ ಸ್ವಾರಸ್ಯ ಏನೆಂದರೆ, ಈ ಸಂಗತಿಯನ್ನು ಮೊದಲೇ ತಿಳಿಸಿ ಮಾತಾಡಲು ಬಿಟ್ಟವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಸಿದ್ದೇನೆ. ಹಾಗಾಗಿ "ಸಾರಿ, ಸ್ವಲ್ಪ ನರ್ವಸ್ ಆಗಿದೀನಿ" ಅಂತ ಶುರು ಮಾಡಬೇಡಿ. ಅಲ್ಲಿವರೆಗೆ ಯಾರೂ ನೋಡಿರಲಿಲ್ಲ, ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ.

ಸರದಿ ಬರುವ ಮುಂಚೆ ಕೂತಲ್ಲೇ ಉಸಿರು ಬಿಡುವುದನ್ನು ಉದ್ದ ಮಾಡಿ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ನಿಧಾನ ಇದ್ದರೆ ಎದೆ ಬಡಿತ ಸ್ವಲ್ಪ ಇಳಿಯುತ್ತದೆ. ಎರಡನೇ ಕಾಫಿ ಬೇಡ. ನೀರಿನ ಬಾಟಲಿ ಮುಚ್ಚಳ ಸಡಿಲ ಮಾಡಿ ಇಟ್ಟುಕೊಳ್ಳಿ, ನಡುಗುವ ಕೈಯಲ್ಲಿ ಮುಚ್ಚಳ ತಿರುಗಿಸುವುದು ಕಷ್ಟ. ಕೈ ನಡುಗುವವರು ಲೇಸರ್ ಪಾಯಿಂಟರ್ ಮುಟ್ಟಲೇಬಾರದು. ಕೈಯ ಸಣ್ಣ ನಡುಕ ಪರದೆ ಮೇಲೆ ಗೇಣುದ್ದ ಕುಣಿಯುತ್ತದೆ. ಬದಲಿಗೆ ಪರದೆ ಹತ್ತಿರ ನಡೆದುಹೋಗಿ ಕೈಯಿಂದಲೇ ತೋರಿಸಿ. ತೆಳು ಹಾಳೆಯೂ ಬೇಡ, ಅದೂ ಎಲೆಯ ಹಾಗೆ ಅಲ್ಲಾಡುತ್ತದೆ. ನೋಟ್ಸ್ ಬೇಕಿದ್ದರೆ ದಪ್ಪ ಕಾರ್ಡಿನಲ್ಲಿ ಬರೆದುಕೊಳ್ಳಿ.

ಟ್ರೈನಿಂಗ್‌ಗಳಲ್ಲಿ "ಸಂವಹನದ 93 ಭಾಗ ಹಾವಭಾವ ಮತ್ತು ದನಿ, ಮಾತು ಬರೀ 7" ಅಂತ ಹೇಳಿಕೊಡುತ್ತಾರಲ್ಲ, ಅದನ್ನು ನಂಬಬೇಡಿ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳು ಒಂದೊಂದೇ ಪದ ಹೇಳುವಾಗ ಇಷ್ಟ ಇದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ ಅನ್ನುವುದರ ಬಗ್ಗೆ. ರೀವರ್ಕ್ ಅಂಕಿ ಹೇಳುವಾಗ ಮಾತು ಬರೀ ನೂರಕ್ಕೆ ಏಳು ಹೇಗಾದೀತು? ಸುಮ್ನೆ ಕನ್ನಡಿ ಮುಂದೆ ಕೈ ಆಡಿಸುತ್ತಾ ಕೂರುವ ಬದಲು ಆ ಹೊತ್ತಿನಲ್ಲಿ ಇನ್ನೊಂದು ಸಲ ಜೋರಾಗಿ ಹೇಳಿ ನೋಡಿ.

ರೂಮಿನೊಳಗೆ

ಅರ್ಧ ಗಂಟೆ ಮುಂಚೆ ಹೋಗಿ. ಕೊನೆಯ ಕುರ್ಚಿಯಲ್ಲಿ ಕೂತು ನಿಮ್ಮ ಸ್ಲೈಡ್ ಓದಲಾಗುತ್ತದಾ ನೋಡಿ. ಪರದೆಗೆ ಏನೂ ಬರದಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ "ಡೂಪ್ಲಿಕೇಟ್" ಆರಿಸಿ, ನೂರರಲ್ಲಿ ಎಂಬತ್ತು ಸಮಸ್ಯೆ ಅಲ್ಲೇ ಮುಗಿಯುತ್ತದೆ. ಫೈಲ್ ಪೆನ್‌ಡ್ರೈವ್‌ನಲ್ಲೂ ಇರಲಿ, ಪಿಡಿಎಫ್ ಮಾಡಿ ಮೇಲ್‌ನಲ್ಲೂ ಇರಲಿ. ಕನ್ನಡ ಅಕ್ಷರ ಬಳಸಿದ್ದರೆ ಪಿಡಿಎಫ್ ಬೇಕೇ ಬೇಕು, ಬೇರೆ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಒಡೆದು ಕೂರುತ್ತದೆ.

ಮೂರು ಕೀ ಗೊತ್ತಿದ್ದರೆ ಸಾಕು, ನೋಡುವವರಿಗೆ ನೀವು ಪಳಗಿದವರು ಅನ್ನಿಸುತ್ತದೆ. ಸ್ಲೈಡ್ ಶೋ ನಡೆಯುವಾಗ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಇನ್ನೊಮ್ಮೆ ಒತ್ತಿದರೆ ವಾಪಸ್ ಬರುತ್ತದೆ. ಸ್ಲೈಡ್ ನಂಬರ್ ಒತ್ತಿ ಎಂಟರ್ ಕೊಟ್ಟರೆ ನೇರ ಆ ಸ್ಲೈಡಿಗೆ ಹೋಗುತ್ತದೆ, ಹಿಂದೆ ಬಚ್ಚಿಟ್ಟ ಫಿಶ್‌ಬೋನ್ ತೋರಿಸಲು ಇದೇ ದಾರಿ. ಶಿಫ್ಟ್ ಎಫ್5 ಒತ್ತಿದರೆ ನಿಂತಲ್ಲಿಂದಲೇ ಶೋ ಮತ್ತೆ ಶುರು.

ಎದ್ದು ಹೋಗಿ ನಿಂತ ಮೇಲೆ, ಲ್ಯಾಪ್‌ಟಾಪ್ ನೋಡುತ್ತಾ ಮಾತು ಶುರು ಮಾಡಬೇಡಿ. ಮೊದಲು ನಿಲ್ಲಿ. ಒಬ್ಬರ ಮುಖ ನೋಡಿ. ಆಮೇಲೆ ಬಾಯಿಪಾಠ ಮಾಡಿದ ಮೊದಲ ವಾಕ್ಯ. ಒಂದು ವಾಕ್ಯ ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ. ಎಲ್ಲರ ತಲೆ ಮೇಲಿಂದ ಹಿಂದಿನ ಗೋಡೆ ನೋಡಿ ಅಂತ ಹೇಳಿಕೊಡುವವರಿದ್ದಾರೆ. ಹದಿನೈದು ಜನರ ರೂಮಿನಲ್ಲಿ ಅದು ಎದ್ದು ಕಾಣುತ್ತದೆ.

ಮೈಕ್ ಕೊಟ್ಟರೆ ಅದರ ಜಾಲರಿಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಡಿ, ಸ್ಪೀಕರ್ ಮುಂದೆ ಹೋಗಿ ನಿಲ್ಲಬೇಡಿ. ಎರಡರಲ್ಲಿ ಯಾವುದು ಮಾಡಿದರೂ ಕೂಯ್ ಅಂತ ಕಿವಿ ಕೊರೆಯುತ್ತದೆ. ಹೆಣ್ಣುಮಕ್ಕಳಿಗೆ ಒಂದು ಮಾತು, ಯಾವ ಟ್ರೈನರೂ ಇದನ್ನು ಹೇಳುವುದಿಲ್ಲ. ಕಾಲರ್ ಮೈಕ್ ಅನ್ನುವುದನ್ನು ಶರ್ಟ್ ಹಾಕಿದವರಿಗಾಗಿ ಮಾಡಿದ್ದಾರೆ. ಸೀರೆ ಉಟ್ಟಿದ್ದರೆ ಸೆರಗಿನ ಪಿನ್ ಹತ್ತಿರ ಸಿಕ್ಕಿಸಿ, ಬ್ಯಾಟರಿ ಡಬ್ಬಿಯನ್ನು ಸೊಂಟದ ಹಿಂದೆ ಪೆಟಿಕೋಟ್ ಲಾಡಿಗೆ ಸಿಕ್ಕಿಸಬೇಕು. ಅದನ್ನು ವಾಶ್‌ರೂಮ್‌ಗೆ ಹೋಗಿ ಮೊದಲೇ ಮಾಡಿಕೊಂಡು ಬನ್ನಿ, ವೇದಿಕೆ ಪಕ್ಕ ಎಲ್ಲರೆದುರು ಒದ್ದಾಡಬೇಡಿ. ತಾಳಿ ಸರ, ಉದ್ದ ಸರ ಮೈಕಿಗೆ ಬಡಿದರೆ ಪ್ರತಿ ಹೆಜ್ಜೆಗೂ ಟಕ್ ಟಕ್ ಅನ್ನುತ್ತದೆ, ಸೆರಗಿನೊಳಗೆ ಇಟ್ಟುಕೊಳ್ಳಿ. ಗಾಜಿನ ಬಳೆ ಹಾಕಿಕೊಂಡು ಪೋಡಿಯಂ ಮೇಲೆ ಕೈ ಇಡುವುದೂ ಅಷ್ಟೇ.

ಆನ್‌ಲೈನ್ ಮೀಟಿಂಗ್ ಆದರೆ ಪೂರ್ತಿ ಸ್ಕ್ರೀನ್ ಶೇರ್ ಮಾಡದೆ ಪವರ್‌ಪಾಯಿಂಟ್ ವಿಂಡೋ ಮಾತ್ರ ಮಾಡಿ, ಇಲ್ಲದಿದ್ದರೆ ಮನೆ ಗ್ರೂಪಿನ ವಾಟ್ಸಾಪ್ ಮೆಸೇಜ್ ಕಸ್ಟಮರ್‌ಗೂ ಕಾಣುತ್ತದೆ. "ಸ್ಕ್ರೀನ್ ಕಾಣ್ತಿದೆಯಾ?" ಅಂತ ಗಾಳಿಗೆ ಕೇಳಬೇಡಿ, ಹೆಸರು ಹಿಡಿದು ಒಬ್ಬರನ್ನು ಕೇಳಿ. ಮಾತಾಡುವಾಗ ಕ್ಯಾಮೆರಾ ನೋಡಿ. ಅಷ್ಟೇ.

ಪ್ರಶ್ನೆಗಳು

ಭಯ ನಿಜವಾಗಿ ಇರುವುದು ಇಲ್ಲಿ. ಮಾತು ಮುಗಿಸಿದ ಮೇಲೆ ಯಾರು ಏನು ಕೇಳಿಬಿಡುತ್ತಾರೋ ಅಂತ.

ನಮ್ಮೂರು ಸಾಗರದ ಕಡೆ. ಚಿಕ್ಕಪ್ಪ ಮಳೆಗಾಲದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದರ ಮೇಲೆ ಮಾತು ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರು ಕೂತವರು ಎಲ್ಲಿಂದ ಬಾಣ ಬಿಡುತ್ತಾರೆ ಅಂತ ಗೊತ್ತಿರುವುದಿಲ್ಲ. ಒಳ್ಳೆಯ ಅರ್ಥಧಾರಿ ತಕ್ಷಣ ಉತ್ತರಕ್ಕೆ ಹಾರುವುದಿಲ್ಲ. "ಹಾಗಾದರೆ ನೀನು ಹೇಳುವುದು ಇಷ್ಟು ತಾನೆ?" ಅಂತ ಎದುರಿನವರ ವಾದವನ್ನು ತನ್ನ ಬಾಯಲ್ಲಿ ಒಮ್ಮೆ ಹೇಳುತ್ತಾನೆ. ಅಷ್ಟರಲ್ಲಿ ಅವನ ತಲೆಯಲ್ಲಿ ಉತ್ತರ ಸಿದ್ಧವಾಗುತ್ತದೆ. ಮೀಟಿಂಗ್ ರೂಮಿನಲ್ಲೂ ಇದನ್ನೇ ಮಾಡಿ. "ಸರ್, ಕೌಂಟರ್ ಹಾಕಿದ್ರೆ ಪ್ರೊಡಕ್ಷನ್ ಕಡಿಮೆಯಾಗುತ್ತಾ ಅಂತ ಕೇಳ್ತಿದೀರಿ ಅಲ್ವಾ?" ಅನ್ನಿ. ಹಿಂದೆ ಕೂತವರಿಗೂ ಪ್ರಶ್ನೆ ಕೇಳಿಸಿತು, ಕೇಳಿದವರಿಗೆ ಗಮನ ಕೊಟ್ಟ ಹಾಗಾಯಿತು, ನಿಮಗೆ ಉಸಿರಾಡಲು ಹೊತ್ತು ಸಿಕ್ಕಿತು. ಆಮೇಲೆ ಎರಡು ಮೂರು ವಾಕ್ಯದಲ್ಲಿ ಉತ್ತರ ಹೇಳಿ ನಿಲ್ಲಿಸಿ. ಉತ್ತರ ಕೊಟ್ಟ ಮೇಲೂ ಮಾತು ಎಳೆಯುತ್ತಾ ಹೋದರೆ ಹೊಸ ಪ್ರಶ್ನೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಜೊತೆಗೆ ಸಮಯ ಹೇಳಿ. "ಆ ಅಂಕಿ ಈಗ ನನ್ನ ಹತ್ತಿರ ಇಲ್ಲ ಸರ್, ನಾಳೆ ಹನ್ನೊಂದು ಗಂಟೆಗೆ ಮೇಲ್ ಮಾಡ್ತೀನಿ." ಅಂದಾಜಿನ ಅಂಕಿ ಹೇಳಿ ಸಿಕ್ಕಿಬಿದ್ದರೆ ಆಮೇಲೆ ನಿಮ್ಮ ನಿಜವಾದ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಥರದ ಪ್ರಶ್ನೆ ಇದೆ, ಅದು ಪ್ರಶ್ನೆಯೇ ಅಲ್ಲ. "ಇದನ್ನ ನಾನು ಹೋದ ವರ್ಷವೇ ಹೇಳಿದ್ದೆ, ಆಗ ಯಾಕೆ ಮಾಡ್ಲಿಲ್ಲ?" ಇದಕ್ಕೆ ಸಮರ್ಥನೆ ಕೊಡಲು ಹೋದರೆ ಅರ್ಧ ಗಂಟೆ ಹೋಯಿತು. "ಹೌದು ಸರ್, ನೀವು ಆಗಲೇ ಹೇಳಿದ್ರಿ. ಈ ಶನಿವಾರ ಮಷಿನ್ ಸಿಕ್ಕಿದ್ರೆ ಮುಗಿಸಿಬಿಡ್ತೀವಿ." ಗೌರವವನ್ನೂ ಕೊಟ್ಟಿರಿ, ನಿಮ್ಮ ವಾಕ್ಯಕ್ಕೂ ವಾಪಸ್ ಬಂದಿರಿ.

ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಮೊದಲೇ ಊಹಿಸಬಹುದು. ಫೈನಾನ್ಸ್‌ನವರು ಖರ್ಚು ಕೇಳುತ್ತಾರೆ. ಪ್ರೊಡಕ್ಷನ್‌ನವರು ಎಷ್ಟು ಪೀಸ್ ಕಡಿಮೆಯಾಗುತ್ತದೆ ಅಂತ ಕೇಳುತ್ತಾರೆ. ಕಸ್ಟಮರ್, ಇದು ಮತ್ತೆ ಬರುವುದಿಲ್ಲ ಅಂತ ಏನು ಗ್ಯಾರಂಟಿ ಅನ್ನುತ್ತಾರೆ. ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ಇನ್ನೂ ಒಳ್ಳೆಯದು, ಹಿಂದಿನ ದಿನವೇ ಪ್ರೊಡಕ್ಷನ್ ಹೆಡ್ ಟೇಬಲ್ ಹತ್ತಿರ ಹೋಗಿ ಹೇಳಿಬಿಡಿ. "ಸರ್, ನಾಳೆ ರಿವ್ಯೂನಲ್ಲಿ ನಿಮ್ಮ ಹತ್ರ ಶನಿವಾರ ಮೂರು ಮಷಿನ್ ಕೇಳ್ತೀನಿ." ಅವರು ಶನಿವಾರ ಆಗಲ್ಲ, ಭಾನುವಾರ ತಗೊಳ್ಳಿ ಅನ್ನಬಹುದು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಎಲ್ಲರೆದುರು ಏಕಾಏಕಿ ಕೇಳಿದರೆ ಯಾವ ಹೆಡ್ಡೂ ಹೂಂ ಅನ್ನುವುದಿಲ್ಲ. ಜಪಾನಿ ಕಂಪನಿಗಳಲ್ಲಿ ಇದಕ್ಕೆ ನೆಮವಾಶಿ ಅಂತ ಹೆಸರೇ ಇದೆ. ನಮ್ಮಲ್ಲಿ ಕೆಲವರು ಇದನ್ನು ಬೆಣ್ಣೆ ಹಚ್ಚುವುದು ಅಂದುಕೊಂಡು ದೂರ ಇರುತ್ತಾರೆ, ಆಮೇಲೆ ಮೀಟಿಂಗ್‌ನಲ್ಲಿ ಪೆಟ್ಟು ತಿನ್ನುತ್ತಾರೆ. ಎದುರಿಗಿರುವವರಲ್ಲಿ ಒಬ್ಬರಾದರೂ ನಿಮ್ಮ ಕಡೆ ಇದ್ದಾರೆ ಅಂತ ಗೊತ್ತಿದ್ದರೆ ದನಿಯೇ ಬೇರೆ ಥರ ಬರುತ್ತದೆ.

ಮುಗಿದ ಮೇಲೆ

ಕೊನೆಯ ಸ್ಲೈಡಿನಲ್ಲಿ "ಥ್ಯಾಂಕ್ ಯೂ" ಅಂತ ಹೂವಿನ ಚಿತ್ರ ಬೇಡ. ಪ್ರಶ್ನೋತ್ತರ ನಡೆಯುವಷ್ಟು ಹೊತ್ತೂ ಆ ಸ್ಲೈಡೇ ಪರದೆ ಮೇಲಿರುತ್ತದೆ. ಅಲ್ಲಿ ನಿಮ್ಮ ಒಂದು ವಾಕ್ಯ ಇರಲಿ: ಶನಿವಾರ, ಮೂರು ಮಷಿನ್, ತಲಾ ಎರಡು ಗಂಟೆ. ಏನು ತೀರ್ಮಾನ ಆಯಿತು ಅಂತ ಅದೇ ದಿನ ನಾಲ್ಕು ಸಾಲಿನ ಮೇಲ್ ಹಾಕಿ. ಮಾತಿನಲ್ಲಿ ಒಪ್ಪಿದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ, ಮೇಲ್ ಉಳಿಯುತ್ತದೆ.

ಆಮೇಲೆ ಕ್ಯಾಂಟೀನಿನಲ್ಲಿ ಯಾರನ್ನೂ "ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು" ಅನ್ನುತ್ತಾರೆ, ಅದರಿಂದ ನಿಮಗೇನೂ ಸಿಗುವುದಿಲ್ಲ. ನಿಮಗೆ ಬೇಕಾದವರೊಬ್ಬರನ್ನು ಪಕ್ಕಕ್ಕೆ ಕರೆದು "ಯಾವ ಸ್ಲೈಡ್ ಬಂದಾಗ ಫೋನ್ ತೆಗೆದ್ರಿ?" ಅಂತ ಕೇಳಿ. ಮೊದಲು ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ. ಮುಂದಿನ ತಿಂಗಳು ಆ ಸ್ಲೈಡನ್ನು ತೆಗೆದುಬಿಡಿ.